ಕೆಲಸವಿಲ್ಲದ ವಾಲ್ವು

ನನ್ನ ಮೇಜಿನ ಮೇಲೆ ಹಿತ್ತಾಳೆಯ ಹಳೇ ವಾಲ್ವೊಂದಿದೆ. ಕಾಗದ ಹಾರದಿರಲಿ ಅಂತ ಇಟ್ಟುಕೊಂಡಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಈ ಕಾಲದಲ್ಲಿ ಯಾರ ಮೇಜಿನ ಮೇಲೆ ಹಾರುವಷ್ಟು ಕಾಗದ ಇರುತ್ತದೆ, ನೀವೇ ಹೇಳಿ. ಆದರೂ ಬಂದವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ನನ್ನ ಹೆಂಡತಿ ಶೈಲಾ ಮಾತ್ರ ಬಿಡುವುದಿಲ್ಲ. "ಪೂಜೆಗೆ ಇಟ್ಕೊಂಡಿದ್ದೀರಾ? ಹಾಗಾದ್ರೆ ಒಂದು ಹೂವಾದ್ರೂ ಏರಿಸಿ," ಎನ್ನುತ್ತಾಳೆ. ಮೇಲೆ ಕೆಂಪು ಬಣ್ಣ ಸುಲಿದ ಪುಟ್ಟ ಚಕ್ರ, ಕೆಳಗೆ ಹಸಿರು ಕಿಲುಬು ಹಿಡಿದ ಮೈ. ಚಕ್ರ ಎಷ್ಟು ತಿರುಗಿಸಿದರೂ ಜಗ್ಗುವುದಿಲ್ಲ. ಕೆಲಸಕ್ಕೆ ಬರುವ ಸಾಮಾನಲ್ಲ. ಎಸೆಯೋಣ ಎಂದು ಎರಡು ಸಲ ಕಸದ ಡಬ್ಬಿಯವರೆಗೂ ಒಯ್ದು ವಾಪಸ್ ತಂದಿದ್ದೇನೆ.

ವಾಲ್ವು ಅಂತ ಬರೆಯುವಾಗ ಕೈ ತಡೆಯುತ್ತದೆ. ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿ ಅದು 'ವಾಲು'. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ 'ಕವಾಟ'. ಕವಾಟ ಹೃದಯದಲ್ಲಿರುತ್ತದೆ, ವಾಲು ಬೀದಿಯಲ್ಲಿರುತ್ತದೆ, ಎರಡಕ್ಕೂ ಏನೂ ಸಂಬಂಧವಿಲ್ಲ ಎಂದು ನಾನು ಆರನೇ ಕ್ಲಾಸಿನವರೆಗೂ ನಂಬಿದ್ದೆ. ನಮ್ಮ ಬೀದಿಗೆ ನೀರು ಬಿಡುತ್ತಿದ್ದವನು ಸಿದ್ದಯ್ಯ. ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ, ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬರುತ್ತಿದ್ದ. ಮೂಲೆಯ ಮುಚ್ಚಳ ಎತ್ತಿ, ಕೀಲಿಯನ್ನು ಗುಂಡಿಯೊಳಕ್ಕೆ ಇಳಿಬಿಟ್ಟು ಸುತ್ತುತ್ತಿದ್ದ. ಹದಿನಾಲ್ಕು ಸುತ್ತು. ನಾನು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಹೋಗಿ ಎಣಿಸುತ್ತಿದ್ದೆ. "ಕಿವಿ ಇಕ್ಕು ಬುದ್ಧಿ," ಎನ್ನುತ್ತಿದ್ದ. ಕೀಲಿಯ ತುದಿಗೆ ಕಿವಿ ಇಟ್ಟರೆ, ನೆಲದಡಿಯಲ್ಲಿ ನೀರು ಮೊದಲು ಗೊಣಗಿ, ಆಮೇಲೆ ಧಾರಾಳವಾಗಿ ಹೊರಡುವ ಸದ್ದು ಕೇಳುತ್ತಿತ್ತು. ದೊಡ್ಡವನಾದ ಮೇಲೆ ವಾಲ್‌ಮ್ಯಾನ್ ಆಗುತ್ತೇನೆ ಎಂದು ಮನೆಯಲ್ಲಿ ಸಾರಿ, ಅಪ್ಪನಿಂದ ತಲೆಗೊಂದು ಮೊಟಕಿಸಿಕೊಂಡೆ. ಕೊನೆಗೆ ಆದದ್ದು ಪೈಪುಗಳ ಎಂಜಿನಿಯರು. ಸಿದ್ದಯ್ಯನ ಕೆಲಸವೇ, ಟೈ ಕಟ್ಟಿಕೊಂಡು ಮಾಡುವುದು, ಅಷ್ಟೇ. ಸಿದ್ದಯ್ಯನಿಂದ ಬೀದಿಗೆ ನೀರಾದರೂ ಬರುತ್ತಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಮೇಜಿನ ಮೇಲಿನ ವಾಲ್ವಿಗೆ ಬರುತ್ತೇನೆ. ಅದು ನಮ್ಮ ಅಡಿಲೇಡಿನ ಮನೆಯದು. ಬೆಟ್ಟದ ಬುಡದಲ್ಲಿರುವ ಹಳೇ ಕಲ್ಲಿನ ಮನೆ. ಯಾವುದೋ ಕಾಲದಲ್ಲಿ ಚಳಿದೇಶದಿಂದ ಬಂದವರೊಬ್ಬರು ಕಟ್ಟಿಸಿ, ತಮ್ಮೂರಿನ ಅಭ್ಯಾಸದಂತೆ ಮನೆಯಿಡೀ ಬಿಸಿನೀರಿನ ಪೈಪು ಎಳೆಸಿದ್ದರು. ಒಂದು ಕಡೆ ಬಾಯ್ಲರು, ಪ್ರತಿ ಕೋಣೆಯ ಕಿಟಕಿಯ ಕೆಳಗೂ ಒಂದು ಕಬ್ಬಿಣದ ರೇಡಿಯೇಟರು. ಬಿಸಿನೀರು ಮನೆಯೆಲ್ಲ ಸುತ್ತಿ ತಣ್ಣಗಾಗಿ ವಾಪಸ್ ಬರುತ್ತದೆ. ಆಸ್ಟ್ರೇಲಿಯಾ ಅಂದರೆ ಬರೀ ಬಿಸಿಲು ಎಂದುಕೊಂಡವರು ಜುಲೈ ತಿಂಗಳಲ್ಲಿ ಒಂದು ಸಲ ನಮ್ಮ ಮನೆಗೆ ಬರಬೇಕು. ಶೈಲಾ ಈ ಮನೆಗೆ ಒಪ್ಪಿದ್ದೇ ರೇಡಿಯೇಟರಿನಿಂದ. ಅಡುಗೆಮನೆಯ ರೇಡಿಯೇಟರಿನ ಮೇಲೆ ಇಡ್ಲಿ ಹಿಟ್ಟಿನ ಪಾತ್ರೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಮುಚ್ಚಳ ತಳ್ಳಿಕೊಂಡು ಉಕ್ಕಿರುತ್ತದೆ.

ಕಳೆದ ಚಳಿಗಾಲದಲ್ಲಿ ಬಟ್ಟೆ ಒಗೆಯುವ ಕೋಣೆಯ ಕಪಾಟಿನೊಳಗೆ ತೊಟ್ಟು ತೊಟ್ಟು ನೀರು ಬೀಳತೊಡಗಿತು. ಈ ವಾಲ್ವಿನ ಕುತ್ತಿಗೆಯಿಂದ. ನಾನು ಕೆಳಗೊಂದು ಐಸ್‌ಕ್ರೀಂ ಡಬ್ಬಿ ಇಟ್ಟು, ಇಡೀ ಸಮಸ್ಯೆ ಬಗೆಹರಿಯಿತು ಎನ್ನುವಂತೆ ಹದಿನೈದು ದಿನ ಓಡಾಡಿದೆ. ಪೈಪು ಎಂಜಿನಿಯರನ ಮನೆಯಲ್ಲಿ ಸೋರುವ ಪೈಪು! ಶೈಲಾ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಪ್ಲಂಬರ್ ಟೆರಿ ಬಂದ. ಅರವತ್ತರ ಹತ್ತಿರದ ಮನುಷ್ಯ, ಮೊಣಕಾಲೂರಿ ಕುಳಿತರೆ ಏಳುವಾಗ ದೇವರನ್ನು ನೆನೆಯುವ ಪೈಕಿ. ಟಾರ್ಚು ಬಿಟ್ಟು ನೋಡಿ, ಚಕ್ರವನ್ನು ಬೆರಳಿಂದ ತಟ್ಟಿ, ಇದು ರಿಡಂಡೆಂಟ್ ಅಂದ. ಮನೆ ಹಿಂದಿನ ಎರಡು ಕೋಣೆಗಳಿಗೆ ಹೋಗುವ ಪೈಪಿನ ಮೇಲೆ ಇದೆ, ಯಾವಾಗಲೂ ತೆರೆದೇ ಇರುತ್ತದೆ, ಆ ಕೋಣೆಗಳ ರೇಡಿಯೇಟರಿಗೆ ಅದರದ್ದೇ ನಲ್ಲಿ ಇದೆ, ಇದಕ್ಕೇನೂ ಕೆಲಸವಿಲ್ಲ, ಕತ್ತರಿಸಿ ಎಸೆದು ನೇರ ಪೈಪು ಜೋಡಿಸುತ್ತೇನೆ ಎಂದ.

ಟೆರಿಗೆ ಅದು ಬಾಯಿಗೆ ಬಂದ ಒಂದು ಮಾತು. ನಾನು ಮಾತ್ರ ಬಟ್ಟೆ ಒಗೆಯುವ ಯಂತ್ರಕ್ಕೆ ಒರಗಿ ನಿಂತುಬಿಟ್ಟೆ. "ಯೋಚನೆ ಮಾಡಿ ಹೇಳ್ತೀನಿ," ಎಂದು ಅವನನ್ನು ಕಳಿಸಿದೆ. ರಿಡಂಡೆಂಟ್ ಎಂಬ ಆ ಪದ ಕೇಳಿದರೆ ಆಗಲೇ ನಾಲ್ಕು ವರ್ಷದಿಂದ ನನಗೆ ಆಗುತ್ತಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಾಗಣ್ಣನ ವಿಷಯ ಹೇಳಬೇಕು.

ನಾನು ಪರ್ತಿಗೆ ಬಂದದ್ದು ೨೦೧೨ರಲ್ಲಿ. ಆಗ ಗಣಿಗಳಿಗೆ ಎಷ್ಟು ಜನ ಎಂಜಿನಿಯರುಗಳಿದ್ದರೂ ಸಾಲದು. ನಮ್ಮ ಕಂಪನಿಯದು ಗಣಿಗಳಿಗೆ ನೀರಿನ ಪೈಪು ವಿನ್ಯಾಸ ಮಾಡಿಕೊಡುವ ಕೆಲಸ, ಪರ್ತ್ ಸಿಟಿಯಲ್ಲಿ ಎತ್ತರದ ಕಟ್ಟಡದಲ್ಲಿ ಆಫೀಸು. ಅಲ್ಲಿದ್ದವರು ನಾಗಣ್ಣ. ಪೂರ್ತಿ ಹೆಸರು ನಾಗರಾಜ್, ಮೈಸೂರಿನವರೇ, ನನಗಿಂತ ಹದಿನೈದು ವರ್ಷ ದೊಡ್ಡವರು. ವಾಲ್ವುಗಳ ವಿಷಯದಲ್ಲಿ ಅವರನ್ನು ಮೀರಿಸಿದವರು ಆ ಊರಲ್ಲಿ ಇರಲಿಲ್ಲ. ಏರ್‌ಪೋರ್ಟಿಗೆ ಬಂದು ನನ್ನನ್ನು ಕರೆದುಕೊಂಡು ಹೋಗಿ, ಬೆಂಟ್ಲಿಯ ತಮ್ಮ ಬಾಡಿಗೆ ಮನೆಯಲ್ಲಿ ಮೂರು ವಾರ ಇಟ್ಟುಕೊಂಡರು. ಅವರ ಹೆಂಡತಿ ವಸಂತಕ್ಕ ಮೂರು ವಾರವೂ ನನಗೆ ಬಿಸಿ ಬಿಸಿ ಅನ್ನ ಸಾರು ಬಡಿಸಿದರು. ಆಮೇಲೆ ಎರಡು ಬೀದಿ ಆಚೆಗೇ ಮನೆ ಹಿಡಿದೆ. ದಿನವೂ ಒಂದೇ ಬಸ್ಸಿನಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದೆವು.

ನಾಗಣ್ಣನಿಗೆ ಒಂದು ಚಟ. ಹೊಸದಾಗಿ ಬಂದವರಿಗೆ ಇಲ್ಲಿಯ ಪದಗಳನ್ನು ಕಲಿಸುವುದು. ದಿನಕ್ಕೊಂದು, ಬಸ್ಸಿನಲ್ಲಿ. "ಸರ್ವೋ ಅಂದ್ರೆ ಪೆಟ್ರೋಲ್ ಬಂಕು ಕಣೋ, ನೀನು ಮೋಟರ್ ಅಂದ್ಕೊಂಡು ಹುಡುಕ್ಬೇಡ. ಆರ್ವೋ ಅಂದ್ರೆ ಮಧ್ಯಾಹ್ನ. ಬಾರ್ಬಿಗೆ ಬಾ ಅಂದ್ರೆ ಗೊಂಬೆ ತಗೊಂಡು ಹೋಗ್ಬೇಡ, ಮಾಂಸ ಸುಡ್ತಿರ್ತಾರೆ, ನೀನು ಜೋಳದ ತೆನೆ ಹಿಡ್ಕೊಂಡು ಒಂದು ಮೂಲೇಲಿ ನಿಂತ್ಕೋ." ನಾನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆದರೂ ಒಂದು ಸಲ ಎಡವಿದೆ. ನಮ್ಮ ಮ್ಯಾನೇಜರು ಒಂದು ಶನಿವಾರ ಟೀಗೆ ಬನ್ನಿ ಎಂದು ಮನೆಗೆ ಕರೆದ. ಟೀ ತಾನೇ ಎಂದು ನಾನೂ ಶೈಲಾನೂ ಹೊಟ್ಟೆ ತುಂಬ ಬಿಸಿಬೇಳೆಬಾತ್ ತಿಂದು ಹೋದೆವು. ಅಲ್ಲಿ ನೋಡಿದರೆ ಮೇಜಿನ ತುಂಬ ಊಟ, ನಮಗಾಗಿಯೇ ಕಷ್ಟಪಟ್ಟು ಮಾಡಿದ ಸೊಪ್ಪಿನ ಕಡುಬು ಬೇರೆ! ಟೀ ಎಂದರೆ ಅವರಿಗೆ ರಾತ್ರಿಯೂಟ. ಮರ್ಯಾದೆಗೆ ಅದನ್ನೂ ತಿಂದು, ಬರುವಾಗ ಕಾರಿನ ಸೀಟನ್ನು ಹಿಂದಕ್ಕೆ ಸರಿಸಿಕೊಂಡು ಕೂತು ಬಂದೆ. ಸೋಮವಾರ ಬಸ್ಸಿನಲ್ಲಿ ನಾಗಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಪೆದ್ದೇ, ಗೊತ್ತಿಲ್ಲದ ಪದ ಬಂದ್ರೆ ನನ್ನ ಕೇಳು ಅಂತ ಹೇಳಿಲ್ವೇನೋ," ಅಂದರು.

ಗೊತ್ತಿಲ್ಲದ ಪದವಾದರೆ ಕೇಳಬಹುದು. ಗೊತ್ತಿದೆ ಎಂದುಕೊಂಡ ಪದವನ್ನು ಯಾರಾದರೂ ಕೇಳುತ್ತಾರೆಯೇ?

೨೦೧೪ರ ಕೊನೆಗೆ ಅದಿರಿನ ಬೆಲೆ ಬಿತ್ತು, ಗಣಿಗಳು ಹೊಸ ಕೆಲಸ ನಿಲ್ಲಿಸಿದವು. ಆಫೀಸಿಗೆ ಹೊರಗಿನಿಂದ ಒಬ್ಬ ಸಲಹೆಗಾರ್ತಿ ಬಂದರು. ಬೂದು ಕೋಟು, ಮೆಲುದನಿ, ಬಹಳ ಸೌಜನ್ಯ. ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಮಾತಾಡುತ್ತಿದ್ದರು. ನನ್ನನ್ನೂ ಕರೆದರು. ನೀರು ಕೊಟ್ಟು, ಹವೆಯ ವಿಷಯ ಮಾತಾಡಿ, ಆಮೇಲೆ ಕೇಳಿದರು: ನಿಮ್ಮ ಗುಂಪಿನಲ್ಲಿ ರಿಡಂಡೆನ್ಸಿ ಏನಾದರೂ ಇದೆಯೇ?

ನಿಮಗೆ ಹೇಳಬೇಕು, ಎಂಜಿನಿಯರುಗಳಿಗೆ ಅದು ಬಹಳ ಒಳ್ಳೆಯ ಪದ. ಒಂದು ಪಂಪು ಕೆಟ್ಟರೆ ಊರು ಒಣಗಬಾರದು ಎಂದು ಪಕ್ಕದಲ್ಲಿ ಇನ್ನೊಂದು ಇಟ್ಟಿರುತ್ತೇವಲ್ಲ, ಅದು ರಿಡಂಡೆನ್ಸಿ. ಮೈಸೂರಿನ ಕಾಲೇಜಿನಲ್ಲಿ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು. ರಿಡಂಡೆನ್ಸಿ ಇಲ್ಲ ಎಂದರೆ ಕಳಪೆ ಕೆಲಸ ಎಂದರ್ಥ. ಹಾಗಾಗಿ ನಾನು ಎದೆಯುಬ್ಬಿಸಿ ಹೇಳಿದೆ: ಇಲ್ಲದೆ ಏನು? ನೂರಕ್ಕೆ ನೂರು ಇದೆ! ನಾಗರಾಜ್ ಮಾಡುವ ಕೆಲಸವನ್ನೆಲ್ಲ ನಾನು ಮಾಡಬಲ್ಲೆ. ಅವರೇ ಕಲಿಸಿದ್ದಾರೆ. ಅವರು ಒಂದು ದಿನ ಬರದಿದ್ದರೂ ಏನೂ ನಿಲ್ಲುವುದಿಲ್ಲ.

ಆಕೆಯ ಪೆನ್ನು ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಬರೆದುಕೊಂಡರು. ತುಂಬ ಉಪಕಾರವಾಯಿತು, ಇಷ್ಟು ಬಿಚ್ಚುಮನಸ್ಸಿನಿಂದ ಯಾರೂ ಹೇಳಲಿಲ್ಲ ಎಂದರು. ನನಗೆ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕು ಬಂದಷ್ಟು ಖುಷಿ.

ಅವತ್ತು ಸಂಜೆ ಬಸ್ಸಿನಲ್ಲಿ ನಾಗಣ್ಣ ಕಿಟಕಿ ಪಕ್ಕ, ನಾನು ಅವರ ಪಕ್ಕ. "ಹೇಗಾಯ್ತೋ ಮೀಟಿಂಗು?" ಎಂದು ಕೇಳಿದರು. "ಚೆನ್ನಾಗಾಯ್ತು ನಾಗಣ್ಣ," ಎಂದೆ. ಆ ಪೆನ್ನು ನಿಂತದ್ದು ಮಾತ್ರ ಯಾಕೋ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮೊಬೈಲು ತೆಗೆದು ಆ ಪದ ಹಾಕಿ ನೋಡಿದೆ. ಈ ದೇಶದ ಆಫೀಸುಗಳಲ್ಲಿ ರಿಡಂಡೆನ್ಸಿ ಎಂದರೆ, ಹುದ್ದೆ ಹೆಚ್ಚಾಗಿದೆ ಎಂದು ಜನರನ್ನು ಮನೆಗೆ ಕಳಿಸುವುದು. ನಮ್ಮಲ್ಲಿ ಯಾರು ಬೇಡ ಎಂದು ಆಕೆ ಕೇಳಿದ್ದರು. ನಾನು ಹೆಸರು ಹೇಳಿ ಬಂದಿದ್ದೆ!

ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. "ಯಾಕೋ ಮುಖ ಬಾಡ್ಹೋಯ್ತು?" ಎಂದರು ನಾಗಣ್ಣ. ತಲೆನೋವು ಎಂದೆ. ಅವರು ಬ್ಯಾಗಿನ ಜಿಪ್ಪು ತೆಗೆದು ಹುಡುಕಿ ಹುಡುಕಿ ಒಂದು ಶುಂಠಿ ಪೆಪ್ಪರ್‌ಮಿಂಟು ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಅದರ ಖಾರ ಈಗಲೂ ನಾಲಿಗೆಯ ಮೇಲಿದೆ.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಗೂ ಆಗುತ್ತದೆ. ಮುಂದಿನದಕ್ಕೆ ನನ್ನ ಹತ್ತಿರ ಒಳ್ಳೆಯ ಹೆಸರಿಲ್ಲ. ಆಕೆ ಇನ್ನೂ ಒಂಬತ್ತು ದಿನ ನಮ್ಮ ಆಫೀಸಿನಲ್ಲೇ ಇದ್ದರು. ಹೋಗಿ, ಅಮ್ಮಾ, ನಾನು ಬೇರೆ ಅರ್ಥದಲ್ಲಿ ಹೇಳಿದೆ, ನಾಗರಾಜ್ ಇಲ್ಲದಿದ್ದರೆ ನಮ್ಮ ಗುಂಪೇ ಇಲ್ಲ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಐದನೆಯ ದಿನ ಕಾಫಿ ಯಂತ್ರದ ಹತ್ತಿರ ಆಕೆಯೇ ಎದುರು ಸಿಕ್ಕು ನಕ್ಕರು. ಬಿಸಿಲು ಜಾಸ್ತಿಯಾಯಿತು ಅಲ್ಲವೇ ಎಂದೆ. ಶೈಲಾಗೆ ಆಗ ಏಳು ತಿಂಗಳು. ನನ್ನ ವೀಸಾ ಆ ಕಂಪನಿಯ ಹೆಸರಿನಲ್ಲಿತ್ತು. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ನಾಗಣ್ಣ ಬೇಡ ಎಂದು ಹೇಳಿಬಿಟ್ಟಿದ್ದೇನೆ, ಈಗ ಬೇಕು ಎಂದರೆ, ಹಾಗಾದರೆ ನೀನು ಬೇಡವೇ ಎಂದು ಕೇಳುತ್ತಾರೆ. ಹೀಗೆಲ್ಲ ಲೆಕ್ಕ ಹಾಕಿದೆ. ಬಾಯಿಗೆ ಬೀಗ ಹಾಕಿಕೊಂಡು ಒಂಬತ್ತು ದಿನ ಕಳೆದೆ.

ಹತ್ತನೆಯ ದಿನ ನಾಗಣ್ಣನನ್ನು ಕರೆದರು. ಹೊರಗೆ ಬಂದಾಗ ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಕಾಫಿ ಲೋಟ, ಪುಟ್ಟ ಗಣಪತಿ, ಒಳಗೆ ಹೇಗಿರುತ್ತದೆ ಎಂದು ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದ ಅರ್ಧ ಕೊಯ್ದ ವಾಲ್ವು. "ಬಿಡೋ, ನಿಂದು ಉಳೀತಲ್ಲ, ಅಷ್ಟು ಸಾಕು. ಶೈಲಾಗೆ ಈಗ್ಲೇ ಏನೂ ಹೇಳ್ಬೇಡ, ಗಾಬರಿಯಾಗ್ತಾಳೆ," ಎಂದರು. ಆ ಪೆಟ್ಟಿಗೆಯನ್ನು ಬಸ್ ಸ್ಟಾಪಿನವರೆಗೂ ನಾನೇ ಹೊತ್ತೆ. ಹೊತ್ತಿದ್ದಕ್ಕೆ ಥ್ಯಾಂಕ್ಸ್ ಬೇರೆ ಹೇಳಿದರು.

ಐವತ್ತು ದಾಟಿದವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಾಗಣ್ಣ ಪರ್ತ್ ಬಿಟ್ಟು ಬ್ರಿಸ್ಬೇನಿನ ಕಡೆ, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿದ್ದ ವಸಂತಕ್ಕನ ತಂಗಿಯ ಮನೆ ಹತ್ತಿರ ಹೋದರು. ಒಂದು ವರ್ಷ ದಿನವೂ ಕೋಟು ಹಾಕಿಕೊಂಡು ರೈಲಿನಲ್ಲಿ ಬ್ರಿಸ್ಬೇನಿಗೆ ಹೋಗಿ ಆಫೀಸು ಆಫೀಸು ಅಲೆದರಂತೆ. ಆಮೇಲೆ ಮನೆ ಹತ್ತಿರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ, ನಲ್ಲಿ ಪೈಪುಗಳ ಸಾಲಿನಲ್ಲಿ ನಿಂತರು. "ಆವಾಗ ಆನೆ ಗಾತ್ರದ ವಾಲ್ವ್ ತರಿಸ್ತಿದ್ದೆ. ಈಗ ಅರ್ಧ ಇಂಚಿಂದು ಪ್ಯಾಕೆಟ್‌ನಲ್ಲಿ ಕೊಡ್ತೀನಿ. ವಾಲ್ವ್ ವಾಲ್ವೇ ಕಣೋ," ಎಂದು ಫೋನಿನಲ್ಲಿ ನಕ್ಕರು. ಇತ್ತ ಎರಡು ವರ್ಷಕ್ಕೆ ಪರ್ತಿನ ನಮ್ಮ ಗುಂಪೇ ಮುಚ್ಚಿತು. ನನ್ನನ್ನೂ ರಿಡಂಡೆಂಟ್ ಮಾಡಿದರು. ಅಷ್ಟರಲ್ಲಿ ವೀಸಾ ಕಾಯಂ ಆಗಿತ್ತು, ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು. ಯಾರನ್ನು ತುಳಿದು ಉಳಿಸಿಕೊಂಡೆನೋ ಆ ಕುರ್ಚಿ ಎರಡು ವರ್ಷ ಬಾಳಿತು. ಭಾನುವಾರ ನನಗೆ ಫೋನು ಮಾಡುವುದನ್ನು ಮಾತ್ರ ನಾಗಣ್ಣ ಒಂದು ವಾರವೂ ತಪ್ಪಿಸಲಿಲ್ಲ.

ಟೆರಿ ಬಂದು ಹೋದ ಮೇಲಿನ ಭಾನುವಾರವೂ ಫೋನು ಬಂತು. ವಾಲ್ವು ಸೋರುವ ವಿಷಯ ಹೇಳಿದೆ. ಎಷ್ಟು ದಿನವಾಗಿತ್ತೋ ಅವರನ್ನು ಯಾರಾದರೂ ಒಂದು ವಾಲ್ವಿನ ಬಗ್ಗೆ ನೆಟ್ಟಗೆ ಕೇಳಿ. ಧ್ವನಿಯೇ ಬದಲಾಯಿತು. "ವಿಡಿಯೋ ಹಾಕೋ. ಕಪಾಟಿನ ಒಳಗೆ ತೋರ್ಸು. ಇನ್ನೂ ಕೆಳಗೆ. ನಿನ್ನ ಮುಖ ಯಾರಿಗೆ ಬೇಕು, ಪೈಪ್ ತೋರ್ಸು!" ನಾನು ಟೆರಿಯಂತೆಯೇ ಮೊಣಕಾಲೂರಿದೆ. ನಾಲ್ಕು ವರ್ಷದ ಮಗಳು ಅದಿತಿ ಟಾರ್ಚು ಹಿಡಿದಳು. ನಾಗಣ್ಣ ಅವಳ ಹತ್ತಿರ, "ಏನ್ ಪುಟ್ಟಿ, ಚಳೀನಾ?" ಎಂದರೆ ಅವಳು, "ಐ ಆಮ್ ನಾಟ್ ಕೋಲ್ಡ್, ತಾತಾ," ಎಂದಳು.

"ಪ್ಲಂಬರ್ ಏನಂದ?" ಎಂದರು.

"ಕೆಲಸವಿಲ್ಲ, ಕಿತ್ತು ಹಾಕೋಣ ಅಂದ." ಆ ಪದ ನನ್ನ ಬಾಯಿಂದ ಹೊರಡಲಿಲ್ಲ.

"ರಿಡಂಡೆಂಟ್ ಅಂದ್ನಾ?" ಎಂದು ಅವರೇ ನಕ್ಕರು. "ಅಲ್ಲೇ ಪಕ್ಕದಲ್ಲಿ ವಾಪಸ್ ಬರೋ ಲೈನ್ ಮೇಲೆ ಅಂಥದ್ದೇ ಇನ್ನೊಂದಿದೆ ನೋಡು. ಅವೆರಡೂ ಜೋಡಿ. ನಾಳೆ ಆ ರೂಮಿಗೆ ಹೋಗೋ ಪೈಪ್ ನೆಲದಡೀಲಿ ಸೋರ್ತು ಅಂದ್ಕೋ. ಇವೆರಡನ್ನೂ ಮುಚ್ಚಿದ್ರೆ ಆ ಎರಡು ರೂಮ್ ಮಾತ್ರ ತಣ್ಣಗಿರತ್ತೆ, ಮಿಕ್ಕ ಮನೆ ಬೆಚ್ಚಗಿರತ್ತೆ. ಒಂದನ್ನ ಕಿತ್ರೆ ಇನ್ನೊಂದು ಇದ್ದೂ ದಂಡ. ಈಗ ಕೆಲಸ ಇಲ್ಲ ಅಂದ್ರೆ ಬೇಡ ಅಂತ ಅರ್ಥವೇನೋ? ಒಳ್ಳೇ ಬಾಲ್ ವಾಲ್ವ್ ನಾನೇ ಕಳಿಸ್ತೀನಿ, ಹಾಕ್ಸು."

ಆಗಲೇ ಹೇಳಬೇಕಿತ್ತು. ಅದಿತಿ ಇದ್ದಾಳೆ ಎಂದು ನೆಪ ಮಾಡಿಕೊಂಡೆ.

ಮುಂದಿನ ವಾರ ಪಾರ್ಸೆಲ್ಲು ಬಂತು. ಹೊಸ ವಾಲ್ವು, ಉದ್ದ ಹಿಡಿಯದು. ಜೊತೆಗೆ ವಸಂತಕ್ಕನ ಚಟ್ನಿಪುಡಿ. ವಾಲ್ವಿನ ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿದ್ದರು. 'ವರ್ಷಕ್ಕೊಂದು ಸಲ ಮುಚ್ಚಿ ತೆಗಿ. ಮರೆತರೆ ತಿರುಗದೆ ಹಿಡಿದುಕೊಳ್ಳುತ್ತದೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಟೆರಿ ವಾಲ್ವನ್ನು ತಿರುಗಿಸಿ ಮುರುಗಿಸಿ ನೋಡಿ, ಮಾಲು ಚೆನ್ನಾಗಿದೆ ಎಂದು ಒಪ್ಪಿದ. ಕೆಲಸವಿಲ್ಲದ್ದಕ್ಕೆ ಹೊಸದೊಂದು ಹಾಕಿಸುವವನನ್ನು ಇದೇ ಮೊದಲು ನೋಡಿದ್ದು ಎಂದೂ ಸೇರಿಸಿದ. ಬಾಯ್ಲರು ಆರಿಸಿ ನೀರೆಲ್ಲ ತೋಟಕ್ಕೆ ಬಿಟ್ಟೆವು. ಕಪ್ಪಗೆ, ಗಂಜಿಯಷ್ಟು ಮಂದವಾಗಿ ಬಂತು. ಹಳೆಯದನ್ನು ಕತ್ತರಿಸಿ ತೆಗೆದು, ಹೊಸದನ್ನು ಕೂರಿಸಿ, ಮತ್ತೆ ನೀರು ತುಂಬಿ, ರೇಡಿಯೇಟರುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಟೆರಿ ಹೊರಕ್ಕೆ ಬಿಟ್ಟ. ಪೈಪಿಗೆ ಕಿವಿ ಇಟ್ಟೆ. ನೀರು ಮೊದಲು ಗೊಣಗಿತು, ಆಮೇಲೆ ಹೊರಟಿತು. ಶೈಲಾಳ ಇಡ್ಲಿ ಹಿಟ್ಟು ಮಾತ್ರ ಆವತ್ತು ಉಬ್ಬದೆ ಹಾಗೇ ಕೂತಿತ್ತು.

ಅವತ್ತು ಮೊದಲ ಸಲ ನಾನಾಗಿಯೇ ಫೋನು ಮಾಡಿದೆ. ನಾಗಣ್ಣ ಕೆರೆ ಸುತ್ತ ನಡೆಯಲು ಹೋಗಿದ್ದರು, ಹಿಂದೆ ಗಿಳಿಗಳ ಗಲಾಟೆ. ವಾಲ್ವು ಹಾಕಿಸಿದ್ದು ಹೇಳಿದೆ. ಆಮೇಲೆ ಆಫೀಸಿನ ಆ ವಿಷಯವನ್ನೂ ಹೇಳಿದೆ. ಆ ಸಲಹೆಗಾರ್ತಿ, ಆ ಪ್ರಶ್ನೆ, ನನ್ನ ನೂರಕ್ಕೆ ನೂರು. "ನಾನು ಪಂಪಿನ ಅರ್ಥದಲ್ಲಿ ಹೇಳ್ಬಿಟ್ಟೆ ನಾಗಣ್ಣ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ."

ಅವರ ಹೆಜ್ಜೆಯ ಸದ್ದು ನಿಂತಿತು. ನಡೆಯುವುದನ್ನು ನಿಲ್ಲಿಸಿದ್ದರು ಎನಿಸುತ್ತದೆ.

"ನನ್ನೂ ಕೇಳಿದ್ರಲ್ಲೋ ಅದನ್ನೇ," ಎಂದರು. "ನಿನ್ನ ಕರೆಯೋ ಹಿಂದಿನ ದಿನ."

"ನೀವೇನಂದ್ರಿ?"

"ಇಲ್ಲ ಅಂದೆ. ಇಬ್ರೂ ಬೇಕು, ಒಬ್ಬರನ್ನ ತೆಗೆದ್ರೂ ಆಗಲ್ಲ ಅಂದೆ. ನಂಗೆ ಆ ಪದ ಗೊತ್ತಿತ್ತಲ್ಲ." ಮತ್ತೆ ನಡೆಯತೊಡಗಿದರು. "ಮಾರನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ನಿಂಗೆ ಹೇಳೋಣ ಅಂತಾನೇ ಬಂದೆ. ನೀನು ಮಗೂಗೆ ಏನ್ ಹೆಸರಿಡೋದು ಅಂತ ಒಂದೇ ಸಮ ಹೇಳ್ತಾ ಇದ್ದೆ. ಯಾಕೆ ಹೆದರಿಸೋದು ಅಂತ ಸುಮ್ನಾದೆ. ಅಷ್ಟೆಲ್ಲಾ ಪದ ಹೇಳ್ಕೊಟ್ಟು ಅದೊಂದನ್ನ ಬಿಟ್ಬಿಟ್ಟೆ ನೋಡು. ತಪ್ಪು ನಂದೇ ಕಣೋ ಶ್ರೀಧರ. ಪಾಪ, ಇಷ್ಟು ದಿನ ಇದನ್ನ ಮನಸ್ಸಲ್ಲಿ ಇಟ್ಕೊಂಡಿದ್ಯಾ?"

ಆ ಪದದ ಅರ್ಥ ನಿನಗೆ ಯಾವಾಗ ತಿಳಿಯಿತು ಎಂದು ಅವರು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವ ಜಾತಿಯವರಾಗಿದ್ದರೆ ಅವರು ಅಂಗಡಿಯಲ್ಲಿ ನಿಂತಿರುತ್ತಿರಲಿಲ್ಲ. ನಾನು ಅತ್ತೆ. ಅದನ್ನು ಪಶ್ಚಾತ್ತಾಪ ಎಂದುಕೊಂಡು ಸಮಾಧಾನ ಮಾಡಿದರು. ಬೇಡ ನಾಗಣ್ಣ, ಇನ್ನೂ ಇದೆ, ಆವತ್ತು ಸಂಜೆಯೇ ನಿಮ್ಮ ಪಕ್ಕ ಕೂತು ತಿಳಿದುಕೊಂಡೆ, ಪೆಪ್ಪರ್‌ಮಿಂಟು ತಿಂದೆ, ಒಂಬತ್ತು ದಿನ ಸುಮ್ಮನಿದ್ದೆ ಎಂದು ಹೇಳಲು ಬಾಯಿ ತೆರೆದೆ. "ಸರಿ, ಕತ್ತಲಾಗ್ತಾ ಬಂತು, ನಡೀತೀನಿ. ನಿನ್ ಮನಸ್ಸು ಹಗುರ ಆಯ್ತಲ್ಲ, ಸದ್ಯ," ಎಂದು ಅವರು ಫೋನಿಟ್ಟರು.

ಈ ಚಳಿಗಾಲ ಶುರುವಾದಾಗ ಚೀಟಿಯಲ್ಲಿ ಬರೆದಂತೆ ಕಪಾಟು ತೆಗೆದು ಹೊಸ ವಾಲ್ವನ್ನು ಒಂದು ಸಲ ಮುಚ್ಚಿ ತೆಗೆದೆ. ಎರಡು ಬೆರಳಿಗೇ ತಿರುಗಿತು. ಕಳೆದ ಭಾನುವಾರ ನಾಗಣ್ಣ ಫೋನಿನಲ್ಲಿ ಮೊದಲು ಕೇಳಿದ್ದೇ ಅದನ್ನು.

"ತಿರುಗಿಸಿದ್ಯೇನೋ? ಹಿಡ್ಕೊಂಡಿಲ್ಲ ತಾನೆ?"

"ಇಲ್ಲ ನಾಗಣ್ಣ, ಸಲೀಸಾಗಿ ತಿರುಗ್ತು," ಎಂದೆ. ಎದುರಿಗೆ ಮೇಜಿನ ಮೇಲೆ ಹಳೆಯದು ಕೂತಿತ್ತು. ಅದರ ಚಕ್ರವನ್ನು ಹಿಡಿದು ಒತ್ತುತ್ತಲೇ ಇದ್ದೆ. ಜಗ್ಗಲಿಲ್ಲ. ಆ ಒಂಬತ್ತು ದಿನದ ವಿಷಯ ನಿಮಗೆ ಹೇಳಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ.